ಅಮೆರಿಕದಲ್ಲಿ ಮಕ್ಕಳ ಜಿಮ್ನಾಸ್ಟಿಕ್ಸ್: ಲೆವೆಲ್ 1ರಿಂದ ದೇಶದ ತಂಡದವರೆಗೆ

ಮಗಳ ಜಿಮ್‌ನಿಂದ ಮೇಲ್ ಬಂದಿದೆ, ಮುಂದಿನ ತಿಂಗಳು ‘ಇಂಟರ್‌ನ್ಯಾಷನಲ್’ ಮೀಟ್ ಇದೆ, ಎಂಟ್ರಿ ಫೀಸ್ ಕಟ್ಟಿ ಅಂತ. ಊರಿಗೆ ಫೋನ್ ಮಾಡಿ “ಇವಳು ಅಮೆರಿಕದ ಪರ ಹೋಗ್ತಿದ್ದಾಳೆ” ಎಂದು ಅಜ್ಜಿ ತಾತನಿಗೆ ಹೇಳುವ ಮೊದಲು ಸ್ವಲ್ಪ ತಡೆಯಿರಿ. ಇಂಥ ಮೀಟ್‌ಗಳನ್ನು ಹೆಚ್ಚಾಗಿ ಖಾಸಗಿ ಕ್ಲಬ್‌ಗಳೇ ನಡೆಸುತ್ತವೆ, ಫೀಸ್ ಕಟ್ಟಿದ ಕ್ಲಬ್‌ಗಳು ಹೋಗುತ್ತವೆ. ಚೆನ್ನಾಗಿಯೇ ಇರುತ್ತವೆ, ಮಕ್ಕಳಿಗೆ ಖುಷಿಯೂ ಆಗುತ್ತದೆ. ಆದರೆ ದೇಶದ ತಂಡಕ್ಕೆ ಹೋಗುವ ದಾರಿ ಬೇರೆ.

ಯುಎಸ್‌ಎ ಜಿಮ್ನಾಸ್ಟಿಕ್ಸ್ ಸಂಸ್ಥೆ, ಅಂದರೆ ಇಲ್ಲಿ ಈ ಆಟವನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ, ಹುಡುಗಿಯರಿಗೆ 10 ಲೆವೆಲ್ ಇಟ್ಟಿದೆ. 1ರಿಂದ 5ರವರೆಗೆ ಎಲ್ಲರಿಗೂ ಒಂದೇ ರೊಟೀನ್ (ಕಸರತ್ತುಗಳ ಸರಣಿ), ನೆಲದ ಮೇಲಿನ ಸಂಗೀತವೂ ಒಂದೇ. ಆರನೆಯದರಿಂದ ಪ್ರತಿ ಮಗುವಿಗೂ ತನ್ನದೇ ರೊಟೀನ್. ಇದರ ಪಕ್ಕದಲ್ಲಿ ಎಕ್ಸೆಲ್ ಅಂತ ಇನ್ನೊಂದು ದಾರಿ ಇದೆ, ಬ್ರಾಂಜ್‌ನಿಂದ ಸಫೈರ್‌ವರೆಗೆ. ಸಾಮಾನ್ಯವಾಗಿ ಪ್ರ್ಯಾಕ್ಟೀಸ್ ಗಂಟೆ ಕಡಿಮೆ. “ಎಕ್ಸೆಲ್ ಅಷ್ಟೇನಾ?” ಎಂದು ನಮ್ಮವರು ಮೂಗು ಮುರಿಯುವುದುಂಟು. ಸ್ಕೂಲು, ಸಂಗೀತ ಪಾಠ ಎಲ್ಲದರ ಜೊತೆ ಜಿಮ್ಮೂ ಬೇಕೆನ್ನುವ ಮಗುವಿಗೆ ನನ್ನ ಪ್ರಕಾರ ಅದೇ ಸರಿ.

ಮೊದಲ ಮೀಟ್‌ನಲ್ಲಿ ಅಪ್ಪ ಅಮ್ಮ ಕಂಗಾಲಾಗುವುದು ಸ್ಕೋರ್ ನೋಡಿ. ಬೀಮ್ ಎಂಬ ಕಿರಿದಾದ ಹಲಗೆಯ ಹತ್ತಿರ ಮಗು ಕೈ ಎತ್ತಿ ಜಡ್ಜ್‌ಗೆ ಸಲ್ಯೂಟ್ ಮಾಡುತ್ತದೆ. ಅಲ್ಲಿಂದಾಚೆ ಮೊಣಕಾಲು ಬಾಗಿದರೆ, ಪಾದ ಚೂಪಾಗದಿದ್ದರೆ, ಒಂದು ಕ್ಷಣ ತೂರಾಡಿದರೆ ಚೂರು ಚೂರೇ ಅಂಕ ಹೋಗುತ್ತದೆ. ಬಿದ್ದರೆ ಅರ್ಧ ಅಂಕ. ಈ ಲೆವೆಲ್‌ಗಳಲ್ಲಿ 10ಕ್ಕೆ ಲೆಕ್ಕ, ಹಾಗಾಗಿ 9 ದಾಟಿದರೆ ಚೆನ್ನಾಗಿ ಮಾಡಿದೆ ಅಂತಲೇ. ಮೆಡಲ್ ಬಂದಾಗ ಗುಂಪಿನಲ್ಲಿ ಎಷ್ಟು ಮಕ್ಕಳಿದ್ದರು ಅಂತಲೂ ನೋಡಿ. ವಯಸ್ಸಿನ ಪ್ರಕಾರ ಸಣ್ಣ ಸಣ್ಣ ಗುಂಪು ಮಾಡಿರುತ್ತಾರೆ, ಐವರಲ್ಲಿ ಮೂರನೆಯವಳಾಗಿರಬಹುದು. ಸ್ಕೋರ್ ಸರಿಯಿಲ್ಲ ಅನಿಸಿದರೂ ನೀವು ಜಡ್ಜ್ ಹತ್ತಿರ ಹೋಗುವ ಹಾಗಿಲ್ಲ, ಕೋಚ್ ಮಾತ್ರ ಕೇಳಬಹುದು. ಫೋಟೋ ತೆಗೆಯುವಾಗ ಫ್ಲ್ಯಾಶ್ ಆಫ್ ಇರಲಿ, ಬೀಮ್ ಮೇಲಿರುವ ಮಗುವಿಗೆ ಅದು ಅಪಾಯ. ಹಾಂ, ನಿಮ್ಮದೇ ಮಗುವನ್ನು ನೋಡಲು ಬಾಗಿಲಲ್ಲಿ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಸಿಟ್ಟಾಗಬೇಡಿ.

ಮೇಲಿನ ಲೆವೆಲ್‌ಗಳಲ್ಲಿ ಸ್ಟೇಟ್ ಮೀಟ್ ಆದ ಮೇಲೆ ರೀಜನಲ್. ದೇಶವನ್ನು 8 ರೀಜನ್ ಮಾಡಿದ್ದಾರೆ. ಲೆವೆಲ್ 10ಕ್ಕೆ ನ್ಯಾಷನಲ್ಸ್ ಇದೆ. ಅಲ್ಲಿ ಗೆದ್ದರೂ ದೇಶದ ತಂಡಕ್ಕೆ ಸೇರಿದಂತಲ್ಲ! ಕಾಲೇಜು ತಂಡಗಳಿಗೆ ಹುಡುಗಿಯರು ಹೆಚ್ಚಾಗಿ ಹೋಗುವುದು ಲೆವೆಲ್ 10ರಿಂದಲೇ. ಸ್ಕಾಲರ್‌ಶಿಪ್ ಕನಸಿದ್ದರೆ ಇಷ್ಟು ಸಾಕು.

ದೇಶದ ತಂಡ ಬೇಕೆಂದರೆ ಲೆವೆಲ್ 10ಕ್ಕೂ ಮೇಲಿನ ಹಂತವಾದ ಎಲೀಟ್ ಆಗಬೇಕು. ಕ್ವಾಲಿಫೈಯರ್‌ನಲ್ಲಿ ನಿಗದಿಯಾದ ಸ್ಕೋರ್ ತೆಗೆದು, ಯುಎಸ್ ಕ್ಲಾಸಿಕ್ ಥರದ ಸ್ಪರ್ಧೆ ದಾಟಿ, ಯುಎಸ್ ಚಾಂಪಿಯನ್‌ಶಿಪ್ಸ್‌ನಲ್ಲಿ ಎದ್ದು ಕಾಣಬೇಕು. ಇಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್‌ನ ಲೆಕ್ಕ: ಎಷ್ಟು ಕಷ್ಟದ ಕಸರತ್ತು ಎಂಬುದಕ್ಕೆ ಒಂದು ಅಂಕ, ಎಷ್ಟು ಅಚ್ಚುಕಟ್ಟು ಎಂಬುದಕ್ಕೆ ಇನ್ನೊಂದು, ಬಿದ್ದರೆ ಪೂರ್ತಿ ಒಂದು ಅಂಕ ಖೋತಾ. ಇಟಲಿಯ ಯೆಸೊಲೊ ಟ್ರೋಫಿ, ಮಾಂಟ್ರಿಯಲ್‌ನ ಜಿಮ್ನಿಕ್ಸ್ ಮುಂತಾದ ಕಡೆ ದೇಶದ ಪರ ಹೋಗುವ ಜೂನಿಯರ್‌ಗಳನ್ನು ಸಂಸ್ಥೆಯೇ ಆರಿಸುತ್ತದೆ. ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ 2019ರಲ್ಲಿ ಹಂಗೇರಿಯ ಗ್ಯೋರ್‌ನಲ್ಲಿ ಶುರುವಾಯಿತು, 2023ರಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ನಡೆಯಿತು. ಹುಡುಗಿಯರಿಗೆ ಆ ವರ್ಷ 14 ಅಥವಾ 15 ತುಂಬಬೇಕು, ಹುಡುಗರಿಗೆ 16 ಅಥವಾ 17. ಹುಡುಗಿಯರು ಸೀನಿಯರ್ ಆಗುವುದು 16 ತುಂಬುವ ವರ್ಷ.

ಇನ್ನು ಪಾಸ್‌ಪೋರ್ಟ್ ವಿಚಾರ. ಇದನ್ನು ಬೇಗ ತಿಳಿದುಕೊಂಡಷ್ಟೂ ಒಳ್ಳೆಯದು. ಎಚ್4 ವೀಸಾ (ಎಚ್1ಬಿಯಲ್ಲಿ ಕೆಲಸ ಮಾಡುವವರ ಕುಟುಂಬದ ವೀಸಾ) ಅಥವಾ ಗ್ರೀನ್ ಕಾರ್ಡ್ ಇರುವ ಮಗು ಕ್ಲಬ್ ಪರವಾಗಿ ಲೆವೆಲ್ ಮೀಟ್‌ಗಳಿಗೆ ಹೋಗಬಹುದು. ದೇಶದ ಪರ ಹೋಗಲು ಅಮೆರಿಕದ ಪೌರತ್ವ ಬೇಕು. ಹಾಗಾದರೆ ಭಾರತದ ಪರ? ಅದಕ್ಕೆ ಭಾರತದ ಪಾಸ್‌ಪೋರ್ಟ್ ಬೇಕು ಎಂದು ಕೇಂದ್ರ ಸರ್ಕಾರ 2008ರಲ್ಲಿ ನಿಯಮ ಮಾಡಿತು, ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಾಲದು. ಕ್ಲಬ್ ಕೆನಡಾಗೆ ಹೊರಟರೆ ಭಾರತದ ಪಾಸ್‌ಪೋರ್ಟ್ ಇರುವ ಎಚ್4 ಮಗುವಿಗೆ ಆ ದೇಶದ ವೀಸಾ ಬೇಕಾಗುತ್ತದೆ. ವಾಪಸ್ ಬರುವ ಕಾಗದಪತ್ರವನ್ನೂ ಮೊದಲೇ ನೋಡಿಕೊಳ್ಳಿ. ಟೀಮ್ ಜಾಕೆಟ್ ನಂತರ ಕೊಂಡರಾಯಿತು.

ದೇಶದ ತಂಡದ ಡಾಕ್ಟರ್ ಆಗಿದ್ದ ಲ್ಯಾರಿ ನಾಸರ್ ಹುಡುಗಿಯರ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ 2016ರಲ್ಲಿ ಬಯಲಾದ ಮೇಲೆ ಇಲ್ಲಿ ನಿಯಮಗಳು ಬಿಗಿಯಾಗಿವೆ. ಕೋಚ್ ಮಗುವಿನ ಜೊತೆ ಯಾರಿಗೂ ಕಾಣದ ಕಡೆ ಒಬ್ಬರೇ ಇರುವಂತಿಲ್ಲ, ಮಗುವಿಗೆ ಮಾತ್ರ ಖಾಸಗಿ ಮೆಸೇಜ್ ಕಳಿಸುವಂತಿಲ್ಲ, ಪ್ರವಾಸದಲ್ಲಿ ಒಂದೇ ಕೋಣೆಯಲ್ಲಿ ಮಲಗುವಂತಿಲ್ಲ. “ಗುರುಗಳಲ್ವಾ, ಹೇಗೆ ಕೇಳೋದು” ಎಂಬ ಸಂಕೋಚ ನಮ್ಮವರಿಗೆ ಜಾಸ್ತಿ. ಇಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯಬಾರದು. ತಿಳಿದರೆ ಜಿಮ್ ಬದಲಿಸಿ. ನಿಷೇಧಕ್ಕೊಳಗಾದ ಕೋಚ್‌ಗಳ ಪಟ್ಟಿ, ಕ್ರೀಡೆಯಲ್ಲಿನ ದೌರ್ಜನ್ಯದ ದೂರುಗಳನ್ನು ವಿಚಾರಿಸುವ ಸೇಫ್‌ಸ್ಪೋರ್ಟ್ ಸೆಂಟರ್‌ನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವಂತಿದೆ. ಮೊದಲ ಫೀಸ್ ಕಟ್ಟುವ ಮುಂಚೆಯೇ ಕೋಚ್ ಹೆಸರು ಹಾಕಿ ಹುಡುಕಿ.