ಪೋರ್ಟ್ ಕೊಳ್ಳುವ ಮುಂಚೆ ಮುಚ್ಚಳ ನೋಡಿ

ಮಡಗಾಂವ್‌ನ ಒಂದು ವೈನ್ ಅಂಗಡಿಯ ಕೌಂಟರಿನಲ್ಲಿ ನಿಂತು ನನಗೆ ಹನ್ನೊಂದು ವರ್ಷ ಆಯ್ತು. ನಮ್ಮೂರು ಗದಗ. ಹುಬ್ಬಳ್ಳಿ ಕಡೆಯವರು ಬಂದರೆ ಕೇಳುವುದು ಒಂದೇ: "ಅಣ್ಣಾ, ಇಲ್ಲಿ ಪೋರ್ಟ್ ವೈನ್ ಕೊಡ್ರಿ." ಕೊಡುತ್ತೇನೆ. ಆದರೆ ಗೋವಾದ ಅಗ್ಗದ ಸಿಹಿ ಪೋರ್ಟ್ ಬೇರೆ, ಪೋರ್ಚುಗಲ್ಲಿನ ಡೋರು ಕಣಿವೆಯ ಪೋರ್ಟ್ ಬೇರೆ. ಇಲ್ಲಿಯದು ಕೆಟ್ಟದ್ದಲ್ಲ. ಕ್ರಿಸ್‌ಮಸ್ ಕೇಕಿಗೆ ದ್ರಾಕ್ಷಿ ನೆನೆಸಲು ನಾನೂ ಅದನ್ನೇ ಒಯ್ಯುತ್ತೇನೆ. ಆದರೆ ಸಾವಿರಗಟ್ಟಲೆ ಕೊಡುವಾಗ ಏನು ಕೊಳ್ಳುತ್ತಿದ್ದೀವಿ ಅಂತ ಗೊತ್ತಿರಬೇಕು, ಅಲ್ವಾ?

ಪೋರ್ಟ್ ಒಂದು ಫೋರ್ಟಿಫೈಡ್ ವೈನ್, ಅಂದರೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಖಡಕ್ ಮಾಡಿದ ವೈನ್. ಅದನ್ನು ಯಾವಾಗ ಬೆರೆಸಿದರು ಅನ್ನುವುದರಲ್ಲೇ ರುಚಿಯ ಗುಟ್ಟಿದೆ. ಪೋರ್ಟಿಗೆ ರಸ ಇನ್ನೂ ಹುದುಗುತ್ತಿರುವಾಗಲೇ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ಇಂಥದ್ದೇ ಇನ್ನೊಂದು ವೈನ್ ಆದ ಸ್ಪೇನಿನ ಶೆರ್ರಿಗೆ ಸುರಿಯುವುದು ಹುದುಗುವುದು ಮುಗಿದ ಮೇಲೆ. ಹಾಗಾಗಿ ಫಿನೋ ತರಹದ ಶೆರ್ರಿಯಲ್ಲಿ ಸಿಹಿಯೇ ಇರುವುದಿಲ್ಲ.

ಇದು ಗೊತ್ತಿಲ್ಲದೆ ಶುರುವಿನಲ್ಲಿ ನಾನೇ ಎಡವಿದ್ದೆ. ಮದುವೆ ವಾರ್ಷಿಕೋತ್ಸವಕ್ಕೆ ಬಂದಿದ್ದ ಅಕ್ಕ ಒಬ್ಬರು "ಹಗುರದ್ದು, ಸಿಹಿಯದು" ಕೇಳಿದರು. ತೆಳ್ಳಗಿನ ಬಣ್ಣ ನೋಡಿ ಫಿನೋ ಕೊಟ್ಟೆ. ಮಾರನೇ ದಿನ ರೈಲು ಹತ್ತುವ ಮುಂಚೆ ಬಂದೇ ಬಿಟ್ಟರು: "ಏನ್ ತಮ್ಮಾ, ಉಪ್ಪುನೀರು ಕೊಟ್ಟು ಕಳಿಸೀಯಲ್ಲೋ!" ಅವರದೇನೂ ತಪ್ಪಿಲ್ಲ. ಫಿನೋ ಕುಡಿಯುವುದು ಊಟದ ಮುಂಚೆ, ಚೆನ್ನಾಗಿ ತಣ್ಣಗೆ ಮಾಡಿ, ಉಪ್ಪು ಗೋಡಂಬಿ ಜೊತೆ. ಮಿರ್ಚಿ ಭಜಿ ಜೊತೆಗೂ ಭರ್ಜರಿ.

ಸಿಹಿ ಬೇಕಾದವರಿಗೆ ಪೋರ್ಟ್. ಕೆಂಪಗೆ, ಹಣ್ಣಿನ ಘಮ ಬೇಕಾದರೆ ರೂಬಿ. ಚಾಕೊಲೇಟ್ ಜೊತೆ ಚೆನ್ನ, ಬೆಲೆಯೂ ಕಡಿಮೆ. ಟಾನಿ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಕಂದು ಬಣ್ಣಕ್ಕೆ ತಿರುಗಿದ್ದು. ಲೇಬಲ್ ಮೇಲೆ 10 ಅಥವಾ 20 ವರ್ಷ ಅಂತ ಇರುತ್ತದೆ. ಹುರಿದ ಬೀಜ, ಒಣಹಣ್ಣಿನ ರುಚಿ. ಗೋವಾದವರು ಬೆಬಿಂಕಾ ಜೊತೆ ಕುಡಿಯಲಿ, ನನ್ನ ಆಯ್ಕೆ ಧಾರವಾಡ ಪೇಡಾ. ಕೆಂಪಗೆ ಹುರಿದ ಖೋವಾ, ಅದರ ಮೇಲೆ ಒಂದು ಗುಟುಕು ತಣ್ಣನೆ ಟಾನಿ. ಮಾಡಿ ನೋಡಿ, ಆಮೇಲೆ ಬೈಯಿರಿ.

ಈಗ ಮುಚ್ಚಳದ ವಿಷಯ. ಪ್ಲಾಸ್ಟಿಕ್ ತಲೆಯ ಗಿಡ್ಡ ಕಾರ್ಕ್ ಇದ್ದು ಕೈಯಲ್ಲೇ ಬಿಚ್ಚಲು ಬಂದರೆ ಆ ಬಾಟಲಿ ಇವತ್ತೇ ಕುಡಿಯಲು ತಯಾರು. ಸ್ಕ್ರೂ ಹಾಕಿ ಎಳೆಯಬೇಕಾದ ಉದ್ದ ಕಾರ್ಕ್ ಇದ್ದು, ಲೇಬಲ್ ಮೇಲೆ ವಿಂಟೇಜ್ (ಒಂದೇ ವರ್ಷದ ದ್ರಾಕ್ಷಿಯ ಪೋರ್ಟ್) ಅಂತ ಇದ್ದರೆ ತಳದಲ್ಲಿ ಗಸಿ ಇರುತ್ತದೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಬಗ್ಗಿಸುವಾಗ ಬಾಟಲಿಯ ಕುತ್ತಿಗೆ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಗಸಿಯ ಕಪ್ಪು ಗೆರೆ ಕುತ್ತಿಗೆಗೆ ಬಂತು ಅಂದರೆ ಸಾಕು, ನಿಲ್ಲಿಸಿ. ಮುಚ್ಚಳ ಬಿಚ್ಚಿದ ವಿಂಟೇಜ್ ಒಂದೆರಡು ದಿನದಲ್ಲಿ ಖಾಲಿ ಆಗಬೇಕು. ಹಾಗಾಗಿ ನಾಲ್ಕು ಜನ ಸೇರದ ಮನೆಗೆ ಅದನ್ನು ಒಯ್ಯಬೇಡಿ ಅಂತಲೇ ಹೇಳುತ್ತೇನೆ. ಮಾಲೀಕರು ಕೇಳಿಸಿಕೊಂಡರೆ ಸಿಟ್ಟಾಗುತ್ತಾರೆ, ಇರಲಿ. ಬಿಚ್ಚಿದ ಮೇಲೆ ಫಿನೋ ಫ್ರಿಜ್ಜಿನಲ್ಲಿ ಒಂದು ವಾರ. ರೂಬಿ ಎರಡು ಮೂರು ವಾರ. ಟಾನಿ ಒಂದು ತಿಂಗಳು ಧಾರಾಳವಾಗಿ.

ಪೋರ್ಟಿನಲ್ಲಿ ಆಲ್ಕೋಹಾಲ್ 19ರಿಂದ 22 ಪರ್ಸೆಂಟ್. ಮಾಮೂಲಿ ವೈನ್ ಲೆಕ್ಕದಲ್ಲಿ ದೊಡ್ಡ ಗ್ಲಾಸಿಗೆ ಸುರಿಯಬೇಡಿ. ಸಣ್ಣ ಗ್ಲಾಸಿನಲ್ಲಿ 60 ಎಂಎಲ್ ಸಾಕು.

ಮನೆಯಲ್ಲಿ ಕುಡಿಯುವವರು ನೀವೊಬ್ಬರೇನಾ? ಹಾಗಾದರೆ ಮದೀರಾ ಹುಡುಕಿ, ಪೋರ್ಚುಗಲ್ಲಿನ ಮದೀರಾ ದ್ವೀಪದ ಫೋರ್ಟಿಫೈಡ್ ವೈನ್. ಅದರಲ್ಲಿ ಸರ್ಸಿಯಲ್ ಅನ್ನುವ ಬಗೆ ಡ್ರೈ, ಅಂದರೆ ಸಿಹಿ ಇಲ್ಲದ್ದು; ಮಾಮ್ಸಿ ಅನ್ನುವುದು ಸಿಹಿ. ಇದನ್ನು ತಯಾರಿಸುವಾಗಲೇ ಬಿಸಿಗೆ, ಗಾಳಿಗೆ ಒಡ್ಡಿರುತ್ತಾರೆ. ಆಮೇಲೆ ಕೆಡಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಕ್ರಿಸ್‌ಮಸ್‌ಗೆ ನಾನು ಬಿಚ್ಚಿದ ಬಾಟಲಿ ಶಿಗ್ಮೋ (ಗೋವಾದ ಹೋಳಿ ಹಬ್ಬ) ಹೊತ್ತಿಗೂ ಕಪಾಟಿನಲ್ಲಿ ಹಾಗೇ ಇತ್ತು, ಅರ್ಧ ತುಂಬಿ, ರುಚಿ ಕದಲದೆ.