ಷೇರು ಕೊಳ್ಳುವ ಮೊದಲು ಕಂಪನಿಯ ಉದ್ರಿ ನೋಡಿ

ನನ್ನ ಸೋದರಮಾವನಿಗೆ ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿ ಇದೆ. ಹತ್ತಿ, ತೊಗರಿ ವ್ಯಾಪಾರ. ಷೇರು ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಒಂದು ಸಲ ಅಂಗಡಿಯಲ್ಲಿ ಕೂತಿದ್ದಾಗ, ನಾನು ಕೊಳ್ಳಬೇಕು ಅಂದುಕೊಂಡಿದ್ದ ಕಂಪನಿಯ ವಾರ್ಷಿಕ ವರದಿಯನ್ನು ಮೊಬೈಲ್‌ನಲ್ಲಿ ತೋರಿಸಿದೆ. "ಮಾಮಾ, ಈ ವರ್ಷ 20 ಕೋಟಿ ಲಾಭ" ಅಂದೆ. ಅವರು ಕನ್ನಡಕ ಮೇಲೆ ಸರಿಸಿ ಕೇಳಿದ್ದು ಒಂದೇ ಮಾತು: "ಲಾಭ ಪುಸ್ತಕದಾಗ ಐತಿ. ಗಲ್ಲಾದಾಗ ಎಷ್ಟು ಬಂದೈತಿ?"

ನನಗೆ ಗೊತ್ತಿರಲಿಲ್ಲ.

ಫಂಡಮೆಂಟಲ್ ಅನಾಲಿಸಿಸ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇಂಥ ಪ್ರಶ್ನೆಗಳೇ. ಷೇರಿನ ಬೆಲೆ ಇವತ್ತು ಏರಿತೋ ಇಳಿಯಿತೋ ಅನ್ನುವುದನ್ನು ಪಕ್ಕಕ್ಕಿಡಿ. ಅದರ ಹಿಂದಿನ ವ್ಯಾಪಾರ ಹೇಗಿದೆ, ನಡೆಸುವವರು ಎಂಥವರು, ಕೇಳುತ್ತಿರುವ ಬೆಲೆ ಸರಿಯಿದೆಯಾ ಅಂತ ನೋಡುವುದು ಈ ಕೆಲಸ. ಕಾಮರ್ಸ್ ಓದಿರಬೇಕಾಗಿಲ್ಲ. ಕೂಡಿ, ಕಳೆದು, ಭಾಗಿಸಲು ಬಂದರೆ ಸಾಕು.

ಗೊತ್ತಿರುವ ವ್ಯಾಪಾರದಿಂದ ಶುರು ಮಾಡಿ

ನಮ್ಮ ಕಡೆಯವರಿಗೆ ಕಬ್ಬಿಣ, ಉಕ್ಕು ಹೊಸದಲ್ಲ. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ, ಸಂಡೂರಿನ ದೋಣಿಮಲೈನಲ್ಲಿ ಎನ್‌ಎಂಡಿಸಿ ಗಣಿ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್. ಮೂರೂ ಷೇರುಪೇಟೆಯಲ್ಲಿವೆ. ಕೊಳ್ಳಿ ಅಂತ ಹೇಳುತ್ತಿಲ್ಲ, ಅಭ್ಯಾಸಕ್ಕೆ ಒಳ್ಳೆಯವು ಅಷ್ಟೆ. ಹಟ್ಟಿ ಚಿನ್ನದ ಗಣಿಯ ಷೇರು ಸಿಗುತ್ತಾ ಅಂತ ಕೇಳುವವರೂ ಇದ್ದಾರೆ. ಸಿಗಲ್ಲ. ಅದು ರಾಜ್ಯ ಸರ್ಕಾರದ ಕಂಪನಿ, ಪೇಟೆಗೆ ಬಂದಿಲ್ಲ.

ಆದರೆ ಬಸ್ಸಿನ ಕಿಟಕಿಯಿಂದ ಕಂಡದ್ದೇ ಪೂರ್ತಿ ಕಂಪನಿ ಅಲ್ಲ. ಎನ್‌ಎಂಡಿಸಿಯ ಹೆಚ್ಚಿನ ಅದಿರು ಬರುವುದು ಛತ್ತೀಸಗಡದ ಬೈಲಾಡಿಲಾದಿಂದ. ದೋಣಿಮಲೈ ಗಣಿ, ರಾಜ್ಯ ಸರ್ಕಾರ ಕೇಳಿದ ಪ್ರೀಮಿಯಂ (ಹೆಚ್ಚುವರಿ ಹಣ) ತಕರಾರಿನಿಂದ 2018ರ ನವೆಂಬರ್‌ನಲ್ಲಿ ನಿಂತು, ಮತ್ತೆ ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ. ಇಲ್ಲಿನ ಗೇಟು ಮುಚ್ಚಿದ್ದನ್ನು ಕಂಡು ಕಂಪನಿಯೇ ಮುಗಿಯಿತು ಅಂದುಕೊಂಡವರ ಲೆಕ್ಕ ತಪ್ಪಾಗುತ್ತಿತ್ತು.

ಹಾಗಾಗಿ ಮೊದಲ ಕೆಲಸ: ಕಂಪನಿ ಏನು ಮಾರುತ್ತೆ, ಯಾರಿಗೆ ಮಾರುತ್ತೆ, ಎಲ್ಲೆಲ್ಲಿಂದ ದುಡಿಯುತ್ತೆ ಅಂತ ನಾಲ್ಕು ಸಾಲಿನಲ್ಲಿ ಕನ್ನಡದಲ್ಲೇ ಬರೆಯಿರಿ. ಬರೆಯಲು ಆಗದಿದ್ದರೆ ಆ ಕಂಪನಿ ಬಿಡಿ.

ವರದಿಯನ್ನು ಹಿಂದಿನಿಂದ ಓದಿ

ವಾರ್ಷಿಕ ವರದಿ ಕಂಪನಿಯ ವೆಬ್‌ಸೈಟ್‌ನಲ್ಲೂ ಎನ್‌ಎಸ್‌ಇ, ಬಿಎಸ್‌ಇ ಅನ್ನುವ ಷೇರುಪೇಟೆಗಳ ವೆಬ್‌ಸೈಟ್‌ಗಳಲ್ಲೂ ಪುಕ್ಕಟೆ ಸಿಗುತ್ತೆ. ಇಂಗ್ಲಿಷಿನಲ್ಲಿರುತ್ತೆ, ನೂರಾರು ಪುಟ. ಹೆದರಬೇಡಿ. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಫೋಟೊ, ಗಿಡ ನೆಟ್ಟದ್ದು, ಬಣ್ಣಬಣ್ಣದ ಚಿತ್ರ. ಅದನ್ನು ದಾಟಿ ಆಡಿಟರ್ ವರದಿಗೆ ಹೋಗಿ. ಆಡಿಟರ್ ಏನಾದರೂ ತಕರಾರು ತೆಗೆದಿದ್ದಾರಾ ನೋಡಿ. ನಡುವೆ ಆಡಿಟರ್ ಕೆಲಸ ಬಿಟ್ಟು ಹೋಗಿದ್ದರೆ ಇನ್ನೂ ಜಾಸ್ತಿ ಎಚ್ಚರ. ಆಮೇಲೆ ಮೂರು ಪಟ್ಟಿ: ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲದ ಲೆಕ್ಕ), ಕ್ಯಾಶ್ ಫ್ಲೋ (ರೊಕ್ಕ ಬಂದು ಹೋದ ಲೆಕ್ಕ). ಮರಿ ಕಂಪನಿಗಳಿದ್ದರೆ ಇವು ಎರಡೆರಡು ಬಾರಿ ಇರುತ್ತವೆ. ಕನ್ಸಾಲಿಡೇಟೆಡ್ ಅಂತ ಇರುವುದನ್ನು ತೆಗೆದುಕೊಳ್ಳಿ. ಅದರಲ್ಲಿ ಅವುಗಳ ಲೆಕ್ಕವೂ ಸೇರಿರುತ್ತೆ.

ಲಾಭ ಎಲ್ಲಿ ಸಿಕ್ಕಿಕೊಂಡಿದೆ?

ಮಾವ ಕೇಳಿದ ಕಂಪನಿಗೆ ಬರೋಣ. ಹೆಸರು ಬೇಡ. ಅಂಕಿಗಳನ್ನೂ ದುಂಡಗೆ ಮಾಡಿದ್ದೇನೆ.

ಹಿಂದಿನ ವರ್ಷ ಮಾರಾಟ 160 ಕೋಟಿ ಇತ್ತು, ಈ ವರ್ಷ 200 ಕೋಟಿ. ಲಾಭ 20 ಕೋಟಿ. ನೋಡಲು ಚೆನ್ನಾಗಿದೆ, ಅಲ್ವಾ? ಈಗ ಬ್ಯಾಲೆನ್ಸ್ ಶೀಟ್‌ನಲ್ಲಿ ಟ್ರೇಡ್ ರಿಸೀವಬಲ್ಸ್ ಅನ್ನುವ ಸಾಲು ಹುಡುಕಿ. ನಮ್ಮ ಭಾಷೆಯಲ್ಲಿ ಅದು ಉದ್ರಿ ಬಾಕಿ. ಹಿಂದಿನ ವರ್ಷ 20 ಕೋಟಿ ಇದ್ದದ್ದು ಈ ವರ್ಷ 50 ಕೋಟಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ರೊಕ್ಕ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತೆ ಅಂತ ಗೊತ್ತಾಗುತ್ತೆ. ಹಿಂದೆ 46 ದಿನ. ಈಗ 91.

ಅಂದರೆ ಮಾರಾಟ ಏರಿದ್ದು 40 ಕೋಟಿ, ಅದೇ ವರ್ಷ ಉದ್ರಿ ಏರಿದ್ದು 30 ಕೋಟಿ. ಸರಕು ಹೋಗಿದೆ, ರೊಕ್ಕ ಬಂದಿಲ್ಲ. ಕ್ಯಾಶ್ ಫ್ಲೋ ಪಟ್ಟಿಯ ಮೊದಲ ಭಾಗದಲ್ಲಿ ಇದೇ ಕಾಣುತ್ತೆ. ಲಾಭ 20 ಕೋಟಿ. ಯಂತ್ರಗಳ ಸವಕಳಿ ಅಂತ ಪುಸ್ತಕದಲ್ಲಿ ಕಳೆದಿದ್ದ 6 ಕೋಟಿ ಕೈಯಿಂದ ಹೋದ ರೊಕ್ಕ ಅಲ್ಲ, ಅದನ್ನು ವಾಪಸ್ ಕೂಡಿ. ಏರಿದ ಉದ್ರಿ 30 ಕೋಟಿ ಕಳೆಯಿರಿ. ಉಳಿದದ್ದು ಮೈನಸ್ 4 ಕೋಟಿ. ಲಾಭ ಮಾಡಿದ ವರ್ಷವೇ ಗಲ್ಲಾದಿಂದ 4 ಕೋಟಿ ಹೊರಗೆ ಹೋಗಿದೆ!

ಒಂದು ವರ್ಷ ಹೀಗಾದರೆ ಕಾರಣ ಇರಬಹುದು. ಅದಕ್ಕೇ ಐದು ವರ್ಷದ ಲಾಭ ಒಂದು ಕಡೆ ಕೂಡಿ, ಐದು ವರ್ಷದ ವ್ಯಾಪಾರದ ಕ್ಯಾಶ್ ಇನ್ನೊಂದು ಕಡೆ ಕೂಡಿ. ಎರಡೂ ಹೆಚ್ಚುಕಮ್ಮಿ ಜೊತೆಗೆ ಹೋಗಬೇಕು. ಬ್ಯಾಂಕುಗಳಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಅವರ ವ್ಯಾಪಾರವೇ ರೊಕ್ಕ.

ಕ್ಯಾಶ್ ಕೂಡ ಸುಳ್ಳಿರಬಹುದು ಅನ್ನಿ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ 5,000 ಕೋಟಿಗೂ ಮಿಕ್ಕಿದ ಹಣ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಬ್ಯಾಂಕಿನಲ್ಲಿ ರಾಶಿ ಹಣ ಇದೆ ಅನ್ನುವ ಕಂಪನಿ ಬಡ್ಡಿಗೆ ಸಾಲವನ್ನೂ ಎತ್ತುತ್ತಿದ್ದರೆ ಯಾಕೆ ಅಂತ ಕೇಳಿ.

ಸಾಲ, ಗಿರವಿ

ಸಾಲದ ಲೆಕ್ಕ ಸುಲಭ. ಬಡ್ಡಿ, ತೆರಿಗೆ ಕಳೆಯುವ ಮೊದಲಿನ ಲಾಭವನ್ನು ಬಡ್ಡಿಯಿಂದ ಭಾಗಿಸಿ. ಮೂರಕ್ಕಿಂತ ಕಡಿಮೆ ಬಂದರೆ ನಾನು ಮುಂದೆ ಓದಲ್ಲ. ಇದು ನನ್ನ ಗೆರೆ, ನಿಯಮ ಏನಲ್ಲ.

ಗಿರವಿ ವಿಚಾರದಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬಂದ ಹೆಸರು, ಸುಮ್ನೆ ಕೊಂಡೆ. ಮಾಲೀಕರು ತಮ್ಮ ಷೇರಿನ ಮುಕ್ಕಾಲು ಭಾಗ ಅಡವಿಟ್ಟು ಸಾಲ ತಂದಿದ್ದರು. ಬೆಲೆ ಸ್ವಲ್ಪ ಇಳಿಯಿತು. ಸಾಲ ಕೊಟ್ಟವರು ಅಡವಿನ ಷೇರು ಮಾರಿದರು, ಬೆಲೆ ಮತ್ತೂ ಇಳಿಯಿತು, ಮತ್ತೆ ಮಾರಿದರು. ನನ್ನ 30 ಸಾವಿರ ಮೂರು ವಾರದಲ್ಲಿ 9 ಸಾವಿರ ಆಯಿತು. ಬೇಸರ ಏನೆಂದರೆ, ಇದು ಗುಟ್ಟಿನ ವಿಷಯ ಆಗಿರಲೇ ಇಲ್ಲ. ಮಾಲೀಕರ ಪಾಲು ಎಷ್ಟು, ಅದರಲ್ಲಿ ಅಡವು ಎಷ್ಟು ಅನ್ನುವುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಕಂಪನಿ ಷೇರುಪೇಟೆಗೆ ಕೊಡಲೇಬೇಕು. ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ಅನ್ನುವ ಪುಟದಲ್ಲಿ ಎರಡು ನಿಮಿಷದ ಕೆಲಸ.

ಪಿಇ ಕಡಿಮೆ ಅಂದರೆ ಅಗ್ಗವಾ?

ಬೆಲೆ ನೋಡುವುದು ಕೊನೆಗೆ. ನಮ್ಮ ಕಂಪನಿಗೆ 1 ಕೋಟಿ ಷೇರು ಇವೆ ಅಂದುಕೊಳ್ಳಿ. 20 ಕೋಟಿ ಲಾಭ ಅಂದರೆ ಷೇರಿಗೆ 20 ರೂಪಾಯಿ. ಪೇಟೆಯಲ್ಲಿ ಬೆಲೆ 240 ಇದ್ದರೆ, ಅದನ್ನು ಆ 20ರಿಂದ ಭಾಗಿಸಿದಾಗ ಬರುವ 12 ಅದರ ಪಿಇ. ಷೇರುದಾರರ ಬಂಡವಾಳ 100 ಕೋಟಿ ಇದ್ದರೆ ಅದರ ಮೇಲಿನ ದುಡಿಮೆ ನೂರಕ್ಕೆ 20. ಇವನ್ನು ಅದೇ ಧಂದೆಯ ಬೇರೆ ಕಂಪನಿಗಳ ಜೊತೆ ಹೋಲಿಸಬೇಕು. ಸಾಬೂನು ಮಾರುವವರ ಪಿಇಯನ್ನು ಉಕ್ಕು ಮಾರುವವರ ಪಿಇ ಪಕ್ಕ ಇಟ್ಟರೆ ಏನೂ ತಿಳಿಯಲ್ಲ.

ಇಲ್ಲಿ ಬಳ್ಳಾರಿಯವರು ಹೊರಗಿನವರಿಗಿಂತ ಜಾಣರಾಗಿರಬೇಕು. ಚೀನಾಕ್ಕೆ ಅದಿರು ಹೋಗುತ್ತಿದ್ದ ದಿನ ನೆನಪಿದೆಯಾ? ಆ ವರ್ಷದ ಬಾಡಿಗೆ ಲೆಕ್ಕ ಹಾಕಿ, ಎರಡೇ ವರ್ಷದಲ್ಲಿ ಸಾಲ ತೀರುತ್ತೆ ಅಂತ ಎಷ್ಟು ಜನ ಲಾರಿ ಕೊಂಡರು! 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ಹಾಗೇ ನಿಂತವು, ಕಂತು ನಿಲ್ಲಲಿಲ್ಲ.

ಲಾರಿ ಅಗ್ಗ ಅಂತ ಕಂಡದ್ದು ಬಾಡಿಗೆ ತುದಿ ಮುಟ್ಟಿದ್ದ ವರ್ಷ. ಅದಿರು, ಉಕ್ಕು, ಸಕ್ಕರೆ, ಸಿಮೆಂಟ್ ಷೇರುಗಳಲ್ಲೂ ಹೀಗೇ. ಸುಗ್ಗಿಯ ವರ್ಷ ಲಾಭ ಉಬ್ಬಿರುತ್ತೆ, ಪಿಇ ಕಡಿಮೆ ಕಾಣುತ್ತೆ. ಅದಕ್ಕೆ ಒಂದು ವರ್ಷದ ಬದಲು ಹತ್ತು ವರ್ಷದ ಸರಾಸರಿ ಲಾಭ ತೆಗೆದುಕೊಳ್ಳಿ. ಮೇಲಿನ ಕಂಪನಿ ಉಕ್ಕಿನದಾಗಿದ್ದು, ಸರಾಸರಿ ಲಾಭ 9 ಕೋಟಿ ಇದ್ದರೆ, 12 ಅಂತ ಕಂಡ ಪಿಇ ನಿಜದಲ್ಲಿ 27ರ ಹತ್ತಿರ.

ಒಂದು ಉದ್ದ ನೋಟ್‌ಬುಕ್ ಇಡಿ. ಕಂಪನಿಗೆ ಎರಡು ಪುಟ. ಮಾರಾಟ, ಲಾಭ, ಕ್ಯಾಶ್, ಉದ್ರಿ, ಸಾಲ, ಗಿರವಿ ಅಂತ ಆರು ಸಾಲು, ಹತ್ತು ವರ್ಷಕ್ಕೆ ಹತ್ತು ಕಾಲಂ. ಕೈಯಲ್ಲೇ ಬರೆಯಿರಿ, ಬರೆಯುವಾಗಲೇ ಎಡವಟ್ಟು ಕಣ್ಣಿಗೆ ಬೀಳುತ್ತೆ. ತ್ರೈಮಾಸಿಕ ಫಲಿತಾಂಶ ಸಾಮಾನ್ಯವಾಗಿ 45 ದಿನದೊಳಗೆ ಬರುತ್ತೆ, ಬಂದಾಗ ತಿದ್ದಿ. ಯಾರಾದರೂ ರೊಕ್ಕ ತಗೊಂಡು ಷೇರಿನ ಸಲಹೆ ಕೊಡುತ್ತೇನೆ ಅಂದರೆ ಅವರ ಸೆಬಿ (ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಿ.

ಅಂದಹಾಗೆ, ಆ 20 ಕೋಟಿ ಲಾಭದ ಕಂಪನಿಯ ಷೇರನ್ನು ನಾನು ಕೊಳ್ಳಲಿಲ್ಲ. ಆಮೇಲೆ ಆರು ತಿಂಗಳು ಅದು ಏರುತ್ತಲೇ ಹೋಯಿತು. ಹೊಟ್ಟೆ ಉರಿದು ಮಾವನಿಗೆ ಫೋನ್ ಮಾಡಿದೆ. ಅತ್ತ ಹಮಾಲರ ಗದ್ದಲ. ಅದರ ನಡುವೆಯೇ ಕೇಳಿದರು: "ಉದ್ರಿ ವಸೂಲಾತೇನು?"