ಬಟವಾಡೆಗೆ ಆಸರೆಯಾದ ಮೂರು ರೂಮು

ಚಿಕ್ಕಮಗಳೂರು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಾಫಿಯ ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ. ಆಳುಗಳಿಗೆ ಬಟವಾಡೆ ಮಾತ್ರ ಪ್ರತಿ ವಾರ ಕೊಡಲೇಬೇಕು. ಮೊದಲು ಇದಕ್ಕಾಗಿ ಕಾಫಿ ವ್ಯಾಪಾರಿಯ ಹತ್ತಿರ ಮುಂಗಡ ತರುತ್ತಿದ್ದೆವು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದಿದ್ದ ಮೂರು ರೂಮನ್ನು ಹೋಂಸ್ಟೇ ಮಾಡಿದೆವು. ಈಗ ಮಳೆಗಾಲ ಬಿಟ್ಟರೆ ಹೆಚ್ಚಿನ ವಾರ ಬಟವಾಡೆ ಅದರಲ್ಲೇ ಆಗುತ್ತದೆ.

ಪಂಚಾಯಿತಿ, ಪೊಲೀಸ್, ಪ್ರವಾಸೋದ್ಯಮ ಇಲಾಖೆ ಅಂತ ಓಡಾಡಿ ನೋಂದಣಿ ಮಾಡಿಸಿದೆ. ನಮ್ಮಲ್ಲಿ ಹೋಂಸ್ಟೇ ಅಂದರೆ ಹೆಚ್ಚೆಂದರೆ ಐದು ರೂಮು, ಮನೆಯವರು ಅಲ್ಲೇ ವಾಸ ಇರಬೇಕು. ಈ ನಿಯಮ ನನಗೆ ಇಷ್ಟ. ಮಾಲೀಕರು ಎಲ್ಲೋ ಇದ್ದು ಇಲ್ಲಿ ಮ್ಯಾನೇಜರ್ ಇಟ್ಟರೆ ಅದು ಲಾಡ್ಜ್ ಅಲ್ವಾ? ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಸರ್ಕಾರಕ್ಕೆ ಕೊಡಬೇಕು. ಅದು ಕಷ್ಟದ ಕೆಲಸವೇನಲ್ಲ.

ತಲೆ ತಿಂದಿದ್ದು ಜಿಎಸ್‌ಟಿ. ವರ್ಷದ ವಹಿವಾಟು 20 ಲಕ್ಷ ದಾಟದ ನಮ್ಮಂಥವರು ನೋಂದಣಿ ಮಾಡಿಸಬೇಕಿಲ್ಲ. ಆದರೆ ಆ್ಯಪ್‌ನಲ್ಲಿ ಬುಕ್ ಆದರೆ ಆ್ಯಪ್‌ನವರೇ ಅತಿಥಿಯಿಂದ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಹಾಗಾಗಿ ಅದೇ ರೂಮು ಫೋನ್ ಮಾಡಿ ಬಂದವರಿಗೆ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಆ್ಯಪ್‌ನ ಕಮಿಷನ್ ಅದರ ಪಾಡಿಗೆ ಇದ್ದೇ ಇದೆ.

ನಾನು ಎಲ್ಲ ಖರ್ಚನ್ನೂ ಬರೆದಿಡುತ್ತೇನೆ. ಹಾಲು ಪಕ್ಕದ ಮನೆಯದು, ನಾಟಿಕೋಳಿ ಊರಿನದು, ಬೆಟ್ಟಕ್ಕೆ ಕರೆದೊಯ್ಯುವ ಜೀಪು ಊರ ಹುಡುಗನದು. ಬೆಳಗ್ಗೆ ಅಕ್ಕಿ ರೊಟ್ಟಿ ತಟ್ಟಲು ಬರುವ ಅಕ್ಕನಿಗೆ ತೋಟದ ಕೂಲಿಗಿಂತ ಜಾಸ್ತಿಯೇ ಸಿಗುತ್ತದೆ. ರಾತ್ರಿ ಉಳಿಯುವ ಅತಿಥಿಯಿಂದ ಊರಿಗೆ ಬರುವುದು ಇದು. ಬೆಳಗ್ಗೆ ಬಂದು ಸಂಜೆ ಹೋಗುವವರು ತಿಂಡಿಯನ್ನೂ ಕಟ್ಟಿಕೊಂಡೇ ಬರುತ್ತಾರೆ. ಪ್ಲಾಸ್ಟಿಕ್ ಬಿಟ್ಟು ಹೋಗುತ್ತಾರೆ. ಸರ್ಕಾರ ಎಷ್ಟು ಜನ ಬಂದರು ಅಂತ ಲೆಕ್ಕ ಹೇಳುವಾಗೆಲ್ಲ, ಎಷ್ಟು ರಾತ್ರಿ ಉಳಿದರು ಅಂತ ಕೇಳಬೇಕು ಅನ್ನಿಸುತ್ತದೆ.

2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ವಾಹನಗಳಿಗೆ ಮಿತಿ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದಾರೆ. ವ್ಯಾಪಾರ ಬಿದ್ದೇ ಹೋಯಿತು ಅಂತ ಕೆಲವರು ಗೊಣಗಿದರು. ನಾನು ಮಾತ್ರ ರೂಮು ಕೇಳಿ ಫೋನ್ ಮಾಡಿದವರಿಗೆ, ಮೊದಲು ಬೆಟ್ಟದ ಬುಕಿಂಗ್ ಮಾಡಿಕೊಳ್ಳಿ, ಆಮೇಲೆ ನನಗೆ ಮುಂಗಡ ಕಳಿಸಿ ಅನ್ನುತ್ತೇನೆ.